ಕಾರವಾನದಿಂದ ಗುಜರಾತಿ ಗಲ್ಲಿಗೆ

ಹೈದರಾಬಾದಿಗೆ ಬಂದ ನೆಂಟರಿಷ್ಟರು ಚಾರ್‌ಮಿನಾರು ನೋಡುತ್ತಾರೆ, ಗೋಲ್ಕೊಂಡೆ ಹತ್ತುತ್ತಾರೆ, ಸಾಲಾರ್‌ಜಂಗ್ ಸಂಗ್ರಹಾಲಯದ ಗಡಿಯಾರದ ಮುಂದೆ ಗಂಟೆ ಹೊಡೆಯುವವರೆಗೆ ಕಾದು ಕುಳಿತಿರುತ್ತಾರೆ. ಗೋಲ್ಕೊಂಡೆಯಿಂದ ಮೂಸಿ ನದಿಯ ಪುರಾನಾ ಪುಲ್‌ಗೆ ಬರುವ ಹಳೆಯ ಹಾದಿಯಲ್ಲಿ ಕಾರವಾನ್ ಎಂಬ ಬಡಾವಣೆಯೊಂದಿದೆ. ಅಲ್ಲಿ ಮಾತ್ರ ಯಾರೂ ಇಳಿಯುವುದಿಲ್ಲ. ಇಳಿಯಬೇಕಾದ ಸ್ಥಳವೆಂಬುದು ನಮ್ಮ ಅಭಿಪ್ರಾಯ. ಇಬ್ರಾಹಿಂ ಕುತುಬ್ ಶಾಹ ಆ ಸೇತುವೆಯನ್ನು ಕಟ್ಟಿಸಿದ್ದು 1578ರಲ್ಲಿ. ಚಾರ್‌ಮಿನಾರು ಎದ್ದದ್ದು ಅದಾದ ಹದಿಮೂರು ವರ್ಷಗಳಿಗೆ. ಅಂದರೆ ಊರಿಗಿಂತ ಮೊದಲು ದಾರಿ ಹುಟ್ಟಿತು. ಆ ದಾರಿಯಲ್ಲಿ ಬಂದ ವ್ಯಾಪಾರಿಗಳ ತಂಡಗಳು ಬೀಡು ಬಿಡುತ್ತಿದ್ದ ಜಾಗವೇ ಕಾರವಾನ್. ಅಲ್ಲಿನ ತೋಲಿ ಮಸೀದಿ 1671ರದು. ಅದರ ಕಮಾನುಗಳ ಸುಣ್ಣದ ಗಾರೆಯ ಕುಸುರಿಯನ್ನು ಕಂಡವರು ಚಾರ್‌ಮಿನಾರಿನ ನೂಕುನುಗ್ಗಲನ್ನು ಅರೆಗಳಿಗೆಯಾದರೂ ಮರೆಯುವುದುಂಟು.

ನಮ್ಮವರು ಇಂಥ ತಂಡವನ್ನು ಸಾರ್ಥವೆಂದು ಕರೆಯುತ್ತಿದ್ದರು. ಭೈರಪ್ಪನವರ ‘ಸಾರ್ಥ’ ಕಾದಂಬರಿಯನ್ನು ಓದಿದವರಿಗೆ ಈ ಮಾತು ಹೊಸದೇನಲ್ಲ. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನನ್ನು ಉದ್ದಗಲಕ್ಕೂ ತುಳಿದ ಲಂಬಾಣಿಗಳೂ ಸಾರ್ಥವಾಹರೇ. ಇಂದು ಹೈದರಾಬಾದಿನ ಸಿರಿವಂತರು ಮನೆ ಕಟ್ಟಿಕೊಂಡಿರುವ ಬಂಜಾರಾ ಹಿಲ್ಸ್ ಆ ಜನರ ಹೆಸರನ್ನೇ ಹೊತ್ತಿದೆ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ರತ್ನಪಡಿ ವ್ಯಾಪಾರಿ ತವರ್ನಿಯೇ ವಜ್ರಗಳನ್ನು ಹುಡುಕಿಕೊಂಡು ಮತ್ತೆ ಮತ್ತೆ ಬಂದದ್ದೂ ಗೋಲ್ಕೊಂಡೆಯ ಈ ಸೀಮೆಗೇ.

ಇಷ್ಟೆಲ್ಲ ಪೀಠಿಕೆಗೆ ಕಾರಣವಿದೆ. ಕಳೆದ ಚಳಿಗಾಲದಲ್ಲಿ ನಮ್ಮದೂ ಒಂದು ಕ್ಯಾರವಾನ್ ಕಾರವಾನದಲ್ಲೇ ಹದಿನೈದು ದಿನ ಬೀಡು ಬಿಟ್ಟಿತ್ತು.

ಹೈದರಾಬಾದಿನಲ್ಲಿ ಕ್ಯಾರವಾನ್ ಎಂದರೆ ಸಿನಿಮಾದವರ ಗಾಡಿ. ಚಿತ್ರೀಕರಣದ ಜಾಗದಲ್ಲಿ ನಟನಟಿಯರು ಬಣ್ಣ ಹಚ್ಚಿಕೊಳ್ಳಲು, ಬಿಸಿಲಿನಿಂದ ತಪ್ಪಿಸಿಕೊಳ್ಳಲು ಇರುವ ಮನೆಯಂಥ ಬಸ್ಸು. ರಾಮೋಜಿ ಫಿಲಂ ಸಿಟಿಯ ಹಾದಿಯಲ್ಲಿ ಬೆಳಗಿನ ಜಾವ ನಿಂತರೆ ಅವು ಸಾಲಾಗಿ ಹೋಗುವುದನ್ನು ಕಾಣಬಹುದು. ಹೊಸ ಗಾಡಿ ಬಂದಾಗ ಹಳೆಯದನ್ನು ಮಾರುವುದು ಲೋಕರೂಢಿಯಷ್ಟೆ. ಹಾಗೆ ಮಾರಾಟಕ್ಕೆ ಬಂದ ಸಣ್ಣದೊಂದನ್ನು ನಮ್ಮ ನಾಲ್ಕು ಸಂಸಾರಗಳು ಕೂಡಿ ಕೊಂಡೆವು. ಹಂಚಿಕೊಂಡದ್ದರಿಂದ ಭಾರವೆನಿಸಲಿಲ್ಲ. ಬೀದರ, ಭಾಲ್ಕಿ, ಬಸವಕಲ್ಯಾಣ ಎಂದು ನಮ್ಮ ಪ್ರಯಾಣದ ಪಟ್ಟಿಯೂ ಸಿದ್ಧವಾಯಿತು.

ಪಟ್ಟಿಯಲ್ಲಿ ಭಾಲ್ಕಿ ಸೇರಿದ್ದು ನಮ್ಮೊಳಗೊಬ್ಬರ ತಾಯಿಗಾಗಿ. ಆಕೆಗೆ ಎಂಬತ್ತಾರು ತುಂಬಿದೆ. ಹುಟ್ಟಿದ್ದು ಭಾಲ್ಕಿಯ ಕಡೆಯ ಹಳ್ಳಿಯಲ್ಲಿ, ಅದು ನಿಜಾಮರ ರಾಜ್ಯಕ್ಕೆ ಸೇರಿದ್ದಾಗ. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಆಕೆ ಮದುವೆಯಾಗಿ ಹೈದರಾಬಾದಿನಲ್ಲೇ ಉಳಿದರು. ತೌರೂರನ್ನು ಇನ್ನೊಮ್ಮೆ ನೋಡಬೇಕು, ಅಲ್ಲೇ ಒಂದು ರಾತ್ರಿ ಮಲಗಬೇಕು ಎಂಬುದು ಅವರ ಬಹುದಿನದ ಆಸೆ. ತೌರುಮನೆಯ ಗೋಡೆಗಳು ಬಿದ್ದು ಹೋಗಿವೆ. ಬೇರೆಯವರ ಮನೆಯಲ್ಲಿ ಮಲಗಲು ಅವರೊಲ್ಲರು. ಗಾಡಿಯಲ್ಲಾದರೆ ಸರಿ ಎಂದರು. ಆದರೆ ರಾತ್ರಿ ಎರಡು ಮೂರು ಸಲ ಏಳಬೇಕು, ಗಾಡಿಯ ಮೂರು ಮೆಟ್ಟಿಲು ಇಳಿಯಬೇಕು. ಬೆಳಕಿಲ್ಲದೆ ಆಗದ ಮಾತು. ಆ ವಯಸ್ಸಿನಲ್ಲಿ ಜಾರಿ ಬಿದ್ದರೆ ಮುರಿದ ಸೊಂಟ ಕೂಡುವುದು ಸುಲಭವಲ್ಲ.

ಗಾಡಿಯಲ್ಲಿ ಎರಡು ಬಗೆಯ ವಿದ್ಯುತ್ತಿತ್ತು. ಹೊರಗಿನಿಂದಲೋ ಜನರೇಟರಿನಿಂದಲೋ 230 ವೋಲ್ಟು ಕೊಟ್ಟರೆ ಫ್ಯಾನು, ಏ.ಸಿ. ನಡೆಯುತ್ತವೆ. ಅದು ಇಲ್ಲದಾಗ 12 ವೋಲ್ಟಿನ ಬ್ಯಾಟರಿಯಿಂದ ಉರಿಯುವ ಆರು ಪುಟ್ಟ ಟ್ಯೂಬ್‌ಲೈಟುಗಳು, ಒಂದೊಂದೂ ಒಂದಡಿ ಉದ್ದ, 8 ವ್ಯಾಟು. ಹಳ್ಳಿಯ ಬಯಲಿನಲ್ಲಿ ನಮಗೆ ಗತಿ ಇವೇ. ಆರರಲ್ಲಿ ನಾಲ್ಕು ಉರಿಯಲೇ ಇಲ್ಲ. ಉಳಿದೆರಡು ಉರಿದರೂ ಮಂಕು. ಅವುಗಳ ತುದಿಗಳು ಹಂಚಿನ ತಳದಂತೆ ಕಪ್ಪಾಗಿದ್ದವು. ಅಮ್ಮ ನೋಡಿ, “ಕಂದೀಲಿಗಿ ಎಣ್ಣಿ ಕಡಿಮ್ಯಾದ್ರ ಮಸಿ ಹಿಡೀತದ. ನಿಮ್ಮ ದೀಪಕ್ಕೂ ಹಂಗೇ ಆಗ್ಯದೇನಪ್ಪಾ?” ಎಂದರು. ನಾವು ನಕ್ಕೆವು. ಆ ಮಾತಿನ ತೂಕ ತಿಳಿದದ್ದು ಒಂದು ವಾರದ ಮೇಲೆ.

ಗಾಡಿ ನಿಂತಿದ್ದ ಷೆಡ್ಡಿನ ಮಿಸ್ತ್ರಿ, ಎಲ್ಲವನ್ನೂ ಕಿತ್ತೆಸೆದು ಎಲ್.ಇ.ಡಿ. ಪಟ್ಟಿ ಅಂಟಿಸಿಬಿಡೋಣ, ಅರ್ಧ ದಿನದ ಕೆಲಸ ಎಂದ. ತಪ್ಪು ಸಲಹೆಯೇನೂ ಅಲ್ಲ. ಆದರೆ ನಾಲ್ಕು ದೀಪ ಒಟ್ಟಿಗೆ ಏಕೆ ಸತ್ತವು ಎಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ. ರೋಗ ತಿಳಿಯದೆ ರೋಗಿಯನ್ನು ಬದಲಾಯಿಸುವ ವೈದ್ಯ ನಮಗೆ ಒಗ್ಗಲಿಲ್ಲ. ದೀಪಗಳನ್ನು ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಪುರಾನಾ ಪುಲ್ ದಾಟಿ ಕೋಠಿಗೆ ಹೊರಟೆವು.

ಕೋಠಿ ನಮ್ಮ ಹೈದರಾಬಾದು ಕನ್ನಡಿಗರಿಗೆ ಪರಸ್ಥಳವೇನಲ್ಲ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವ ಕಾಚಿಗುಡದಿಂದ ನಡೆದೇ ಹೋಗಬಹುದಾದಷ್ಟು ದೂರ. ಮಂದಿರದ ಕಾರ್ಯಕ್ರಮ ಮುಗಿಸಿ ಸುಲ್ತಾನ್ ಬಜಾರಿನಲ್ಲಿ ಸೀರೆ ಕೊಳ್ಳದೆ ಮನೆಗೆ ಮರಳಿದ ಸಂಸಾರ ಉಂಟೇ? ಸ್ತ್ರೀಯರಿಗೆ ಸುಲ್ತಾನ್ ಬಜಾರು ಹೇಗೋ, ತಂತಿ ತಿರುಪಿನ ಹುಚ್ಚಿರುವವರಿಗೆ ಅದರ ಬಗಲಿನ ಗುಜರಾತಿ ಗಲ್ಲಿ ಹಾಗೆ. ಅಲಂಕಾರದ ದೀಪಗಳು ಬೇಕಾದವರು ಟ್ರೂಪ್ ಬಜಾರಿಗೆ ಹೋಗುತ್ತಾರೆ. ಅಲ್ಲಿ ಗಾಜಿನ ಝೂಮರುಗಳು ಹಗಲಿನಲ್ಲೇ ಝಗಝಗಿಸುತ್ತಿರುತ್ತವೆ. ದೀಪದ ಹೊಟ್ಟೆಯೊಳಗಿನದು ಬೇಕಾದವರು ಮಾತ್ರ ಈ ಗಲ್ಲಿ ಹೊಕ್ಕಬೇಕು. ಹತ್ತಿರದಲ್ಲೇ ಹಳೆಯ ಬ್ರಿಟಿಷ್ ರೆಸಿಡೆನ್ಸಿಯ ಕಂಬಗಳ ಸಾಲು, ಇಂದು ಹೆಣ್ಣುಮಕ್ಕಳ ವಿಶ್ವವಿದ್ಯಾಲಯದ ಆವರಣ. ಇತ್ತ ಗಲ್ಲಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕು. ಕಿರಾಣಿ ಅಂಗಡಿಯಲ್ಲಿ ಜೀರಿಗೆ ಸಾಸಿವೆ ಇಟ್ಟಂತೆ ಸಾಲು ಸಾಲು ಪುಟ್ಟ ಪೆಟ್ಟಿಗೆಗಳಲ್ಲಿ ರೆಸಿಸ್ಟರು, ಕೆಪಾಸಿಟರು, ಟ್ರಾನ್ಸಿಸ್ಟರು. ಬೆಸುಗೆಯ ರಾಳದ ಹೊಗೆ, ಮೇಲೆ ಚಹದ ವಾಸನೆ. ಅಂಗಡಿಯವನಿಗೆ ಹೆಸರು ಹೇಳಬೇಕಾಗಿಲ್ಲ, ಸುಟ್ಟ ಭಾಗವನ್ನು ತೋರಿಸಿದರೆ ಸಾಕು. ಕಣ್ಣು ಮೇಲೆತ್ತದೆಯೇ ಸರಿಯಾದ ಪೆಟ್ಟಿಗೆಗೆ ಕೈ ಹಾಕುತ್ತಾನೆ.

ಮಹಡಿಯ ಮೆಟ್ಟಿಲಿನ ಕೆಳಗೆ ಮೇಜು ಹಾಕಿಕೊಂಡ ವೃದ್ಧರೊಬ್ಬರ ಬಳಿಗೆ ಒಬ್ಬ ಅಂಗಡಿಯವನು ನಮ್ಮನ್ನು ಕಳುಹಿಸಿದ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾವೂ ಎಂದೆವು. ಕರೆಂಟು ಹೋಗುವುದೇ ನಿತ್ಯವಿಧಿಯಾಗಿದ್ದ ವರ್ಷಗಳಲ್ಲಿ ಮನೆ ಮನೆಗೂ ಎಮರ್ಜೆನ್ಸಿ ಲೈಟು ಬಂದಿತ್ತಲ್ಲ, ಪರೀಕ್ಷೆಗೆ ಓದುವ ಮಕ್ಕಳ ನಡುವೆ ಇಟ್ಟುಕೊಳ್ಳುತ್ತಿದ್ದುದು. ಅಂಥವನ್ನು ಮಾಡಿ, ಕೆಟ್ಟವನ್ನು ರಿಪೇರಿ ಮಾಡಿ ಕೈ ಪಳಗಿದವರು. ನಮ್ಮ ದೀಪಗಳೂ ಅದೇ ಜಾತಿಯವು.

ಈ ಜಾತಿಯ ಗುಣವೇನೆಂದು ಸ್ವಲ್ಪ ಹೇಳದಿದ್ದರೆ ಮುಂದಿನದು ರುಚಿಸಲಾರದು. ಮನೆಯ ಟ್ಯೂಬ್‌ಲೈಟಿಗೆ 230 ವೋಲ್ಟಿನ ಒತ್ತಡವಿದೆ. ಚೋಕು, ಸ್ಟಾರ್ಟರು ಸೇರಿ ಅದಕ್ಕೊಂದು ಒದೆ ಕೊಟ್ಟರೆ ಕೊಳವೆಯೊಳಗಿನ ಪಾದರಸದ ಆವಿ ಹೊತ್ತಿಕೊಳ್ಳುತ್ತದೆ, ಆಮೇಲೆ ಹರಿವನ್ನು ಮಿತಿಯಲ್ಲಿಡುವುದೂ ಚೋಕಿನ ಕೆಲಸ. ಹನ್ನೆರಡು ವೋಲ್ಟಿಗೆ ಆ ಶಕ್ತಿಯಿಲ್ಲ. ಒಂದಡಿಯ ಕೊಳವೆ ಉರಿಯುತ್ತಿರುವಾಗಲೇ ಐವತ್ತಕ್ಕೂ ಹೆಚ್ಚು ವೋಲ್ಟು ಬೇಡುತ್ತದೆ, ಹೊತ್ತಿಕೊಳ್ಳಲು ನೂರಾರು. ಆಳದ ನೀರನ್ನು ಮೇಲೆತ್ತಲು ನಮ್ಮ ಹಿರಿಯರು ಏತ ಹೂಡಿದಂತೆ ಇಲ್ಲೊಂದು ಏತವಿದೆ. ಏತದ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುವ ಆಳೇ ಟ್ರಾನ್ಸಿಸ್ಟರು. ಮರವೇ ಫೆರೈಟ್ ಎಂಬ ಕಪ್ಪು ತಿರುಳಿಗೆ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರು. ತಿರುಳಿನ ಮೇಲೆ ಮೂರು ಸುತ್ತುಗಳು. ದಪ್ಪ ತಂತಿಯ ಕೆಲವೇ ಸುತ್ತುಗಳಲ್ಲಿ ಬ್ಯಾಟರಿಯ ವಿದ್ಯುತ್ತು ಹರಿಯುತ್ತದೆ. ಸಣ್ಣ ತಂತಿಯ ನೂರಾರು ಸುತ್ತುಗಳಲ್ಲಿ ಎತ್ತರದ ಒತ್ತಡ ಹುಟ್ಟುತ್ತದೆ. ಮೂರನೆಯದು ‘ಈಗ ಹಾಯಿಸು, ಈಗ ನಿಲ್ಲಿಸು’ ಎಂದು ಟ್ರಾನ್ಸಿಸ್ಟರಿಗೆ ಸನ್ನೆ ಮಾಡುತ್ತದೆ. ಈ ಆಳು ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಾವಿರ ಸಲ ಹೋಗಿ ಬರುತ್ತಾನೆ. ಅಷ್ಟು ವೇಗದ ಸದ್ದು ಮನುಷ್ಯರ ಕಿವಿಗೆ ನಿಲುಕದು. ದೀಪದಿಂದ ಸೊಳ್ಳೆಯ ಹಾಡಿನಂಥ ಸ್ವರ ಕೇಳುತ್ತಿದೆಯೆಂದರೆ ಆಳು ದಣಿದಿದ್ದಾನೆಂದೇ ಅರ್ಥ.

ಚಾಚಾ ದೀಪಗಳನ್ನು ಒಂದೊಂದಾಗಿ ಬಿಚ್ಚಿದರು. ಮೊದಲನೆಯದರಲ್ಲಿ ಬ್ಯಾಟರಿಯ ಎರಡು ತಂತಿಗಳ ನಡುವೆ ಕೂರುವ ಕೆಪಾಸಿಟರು ಒಣಗಿತ್ತು, ತಲೆ ಉಬ್ಬಿತ್ತು. ಗಾಡಿಯ ತಗಡಿನ ಮಾಡಿನ ಕೆಳಗೆ ಹೈದರಾಬಾದಿನ ಮೇ ತಿಂಗಳ ಕಾವಿಗೆ ಒಣಗದೆ ಏನಾದೀತು? ಹೆಚ್ಚು ಶಾಖ ತಾಳುವ 105 ಡಿಗ್ರಿಯದನ್ನು ಹಾಕಿದರು. ಅದರ ಬೆಲೆ ಗಲ್ಲಿಯ ಚಹದ ಬೆಲೆಗಿಂತ ಕಡಿಮೆ. ದೀಪ ಹೊತ್ತಿತು.

ಎರಡನೆಯದರ ಟ್ರಾನ್ಸಿಸ್ಟರು ಸುಟ್ಟಿತ್ತು. ಲೋಹದ ಟೊಪ್ಪಿಗೆಯಂತಿರುವ 2ಎನ್3055. ಅರ್ಧ ಶತಮಾನಕ್ಕೂ ಮೀರಿ ಬಳಕೆಯಲ್ಲಿರುವ ಗಟ್ಟಿ ಜೀವ ಅದು. ಅದೇಕೆ ಸುಟ್ಟಿತು? ಕೊಳವೆಯನ್ನು ತೆಗೆದು ಯಾರೋ ಸ್ವಿಚ್ಚು ಹಾಕಿ ಬಿಟ್ಟಿದ್ದರು. ಎತ್ತಿದ ನೀರಿಗೆ ಕಾಲುವೆ ಇಲ್ಲದಿದ್ದರೆ ಅದು ಎತ್ತಿದವನ ಮೇಲೆಯೇ ಸುರಿಯುತ್ತದಷ್ಟೆ. ಇಂಥ ದೀಪ ಇಟ್ಟುಕೊಂಡವರು ಇದೊಂದನ್ನು ನೆನಪಿಡಬೇಕು: ಕೊಳವೆ ಇಲ್ಲದೆ ಸ್ವಿಚ್ಚು ಹಾಕಬಾರದು. ಹೊಸದನ್ನು ಕೂರಿಸುವಾಗ ಚಾಚಾ ಕೆಳಗಿನ ಅಭ್ರಕದ ಹಾಳೆಯನ್ನು ಒರೆಸಿ, ಶಾಖ ಹರಿಯಲು ಬಿಳಿಯ ಮುಲಾಮು ಸವರಿದರು. ಅವಸರದ ರಿಪೇರಿಯಲ್ಲಿ ಬಿಟ್ಟುಹೋಗುವುದು ಇದೇ. ಬಿಟ್ಟರೆ ಹೊಸದೂ ವಾರದಲ್ಲಿ ಹಳೆಯದರ ದಾರಿ ಹಿಡಿಯುತ್ತದೆ.

ಮೂರನೆಯದಕ್ಕೆ ಕಾಯಿಲೆಯೇ ಇರಲಿಲ್ಲ. ಕೊಳವೆಯ ಕಡ್ಡಿಗಳನ್ನು ಹಿಡಿಯುವ ಹೋಲ್ಡರು ಕಿಲುಬು ಹಿಡಿದಿತ್ತು. ಮರಳು ಕಾಗದದಿಂದ ಉಜ್ಜಿದರೆ ಮುಗಿಯಿತು. ನಾಲ್ಕನೆಯದರ ಫೆರೈಟ್ ತಿರುಳು ಗಾಡಿಯ ಕುಲುಕಾಟಕ್ಕೆ ಬಿರುಕು ಬಿಟ್ಟಿತ್ತು. ಅದನ್ನು ಚಾಚಾ ಬದಿಗಿಟ್ಟರು. ಉಳಿದ ಎರಡು ಮಂಕು ದೀಪಗಳನ್ನು ತಮ್ಮ ಮೇಜಿನ ಬ್ಯಾಟರಿಗೆ ಕೊಟ್ಟಾಗ ಅವು ಹಾಲಿನಂತೆ ಬೆಳಗಿದವು! ಕೊಳವೆ ಹಳತಾಗಿದೆ, ಹೊಸದು ಕೊಡಿ ಎಂದು ನಾವು ಅವಸರ ಮಾಡುತ್ತಿದ್ದಂತೆಯೇ ಅವರು, “ಟ್ಯೂಬ್ ಕೂ ಕಾಯ್ಕೂ ಗಾಲಿಯಾಂ ದೇರೇ ಸಾಬ್? ರಾಸ್ತಾ ದೇಖೇ ಕ್ಯಾ?” ಎಂದರು. ಟ್ಯೂಬನ್ನೇಕೆ ಬಯ್ಯುತ್ತೀರಿ, ದಾರಿ ನೋಡಿದಿರಾ ಎಂಬುದು ತಾತ್ಪರ್ಯ. ನಾವು ನೋಡಿಲ್ಲವೆಂದಾಗ ಮೀಟರು ಇದೆಯೇ ಎಂದು ಕೇಳಿದರು. ಇದೆಯೆಂದೆವು. ಅವರು, “ಹೌ, ತೋ ಜಾಕೆ ದೇಖೋ” ಎಂದರು. ದಖನಿಯ ಈ ‘ಹೌ’ ಕೇಳಿದಾಗಲೆಲ್ಲ ನಮ್ಮ ‘ಹೌದು’ ಅರ್ಧ ದಾರಿಯಲ್ಲಿ ನಿಂತಂತೆ ನಮಗೆ ಭಾಸವಾಗುತ್ತದೆ, ಭಾಷಾಪಂಡಿತರು ಕ್ಷಮಿಸಬೇಕು.

ಮರಳಿ ಕಾರವಾನಕ್ಕೆ. ಐದು ದೀಪಗಳನ್ನು ಜೋಡಿಸಿ, ಆರನೆಯದರ ಬದಲಿಗೆ ಅಷ್ಟೇ ವಿದ್ಯುತ್ತು ಎಳೆಯುವ ಒಂದು ಬಲ್ಬು ಕಟ್ಟಿ, ಎಲ್ಲ ಸ್ವಿಚ್ಚುಗಳನ್ನೂ ಹಾಕಿ ಅಳೆದೆವು. ಉರಿಯುವಾಗಲೇ ಅಳೆಯಬೇಕೆಂದು ಚಾಚಾ ಒತ್ತಿ ಹೇಳಿದ್ದರು. ದೀಪ ಆರಿಸಿ ಅಳೆದರೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಬ್ಯಾಟರಿಯ ಬಳಿ 12.5 ವೋಲ್ಟು. ಗಾಡಿಯ ಹಿಂಭಾಗದಲ್ಲಿ ಎಲ್ಲ ದೀಪಗಳಿಗೂ ತಂತಿ ಹಂಚುವ ಪೆಟ್ಟಿಗೆಯ ಬಳಿ 10.4. ಎರಡು ವೋಲ್ಟಿಗೂ ಮೀರಿ ದಾರಿಯಲ್ಲೇ ಕಳವು! ಒಂದು ದೀಪಕ್ಕೆ ಸುಮಾರು 0.8 ಆಂಪಿಯರಿನಂತೆ ಆರಕ್ಕೆ 4.8. ಮುಂದಿನ ಬ್ಯಾಟರಿಯಿಂದ ಹಿಂದಿನ ಪೆಟ್ಟಿಗೆಗೆ ಏಳು ಮೀಟರು. ಅಲ್ಲಿ ಎಳೆದಿದ್ದದ್ದು 0.5 ಚದರ ಮಿಲಿಮೀಟರಿನ ದಾರದಂಥ ತಂತಿ. ಲೆಕ್ಕ ಹಾಕಿದರೆ ಅದರಲ್ಲೇ 1.2 ವೋಲ್ಟಿನಷ್ಟು ಸೋರುತ್ತದೆ. ಮಿಕ್ಕದ್ದೆಲ್ಲಿ? ಹಿಂತಿರುಗುವ ದಾರಿಗೆ ತಂತಿಯೇ ಇರಲಿಲ್ಲ. ಮಿಸ್ತ್ರಿಗಳು ‘ಬಾಡಿ ಅರ್ಥ್’ ಎನ್ನುವಂತೆ ಗಾಡಿಯ ಮೈಯನ್ನೇ ದಾರಿ ಮಾಡಿದ್ದರು. ಹಿಂದಿನ ಮೆಟ್ಟಿಲಿನ ಒಳಗಡೆ ಆ ತಂತಿ ಬಿಗಿದ ಬೋಲ್ಟು ತುಕ್ಕು ಹಿಡಿದು, ಮೇಲೆ ಬಣ್ಣ ಬೇರೆ ಬಳಿಸಿಕೊಂಡಿತ್ತು. 0.9 ವೋಲ್ಟು ಅಲ್ಲೇ ಅಡಗಿತ್ತು.

ಒತ್ತಡ ಕಡಿಮೆಯಾದರೆ ಇಂಥ ದೀಪ ಸಾಧಾರಣ ಬಲ್ಬಿನಂತೆ ಬರಿದೆ ಮಂಕಾಗಿ ಸುಮ್ಮನಿರುವುದಿಲ್ಲ. ಕೊಳವೆಯ ತುದಿಯ ತಂತುಗಳು ಸಾಕಷ್ಟು ಕಾಯುವುದಿಲ್ಲ. ತಣ್ಣನೆಯ ತಂತುವಿನಿಂದ ಬಲವಂತವಾಗಿ ವಿದ್ಯುತ್ತು ಹೊರಟಾಗ ಅದರ ಲೇಪ ಸಿಡಿದು ಗಾಜಿಗೆ ಅಂಟುತ್ತದೆ. ತುದಿಗಳು ಕಪ್ಪಾಗುವುದು ಹೀಗೆ. ಇನ್ನೂ ಕಡಿಮೆಯಾದರೆ ಏತವೇ ನಡೆಯದೆ ಆಳು ನಿಂತಲ್ಲೇ ಭಾರ ಹೊತ್ತು ಬೇಯುತ್ತಾನೆ, ಟ್ರಾನ್ಸಿಸ್ಟರು ಸುಡುತ್ತದೆ. ಎಣ್ಣೆ ಕಡಿಮೆಯಾದ ಕಂದೀಲು ಮಸಿ ಹಿಡಿಯುತ್ತದೆಂದು ಅಮ್ಮ ಹೇಳಿದ್ದು ಮೀಟರಿಲ್ಲದ ರೋಗನಿದಾನವಾಗಿತ್ತು.

ಈ ದಾರಿಗೆ ಎಲ್.ಇ.ಡಿ. ಪಟ್ಟಿ ಅಂಟಿಸಿದ್ದರೆ ಏನಾಗುತ್ತಿತ್ತು? ಅದು ಕಡಿಮೆ ವಿದ್ಯುತ್ತು ಎಳೆಯುವುದರಿಂದ ಉರಿಯುತ್ತಿತ್ತು, ನಾವೂ ಸಂತೋಷಪಡುತ್ತಿದ್ದೆವು. ತುಕ್ಕಿನ ಬೋಲ್ಟು ಮಾತ್ರ ಹಾಗೆಯೇ ಇದ್ದು, ನೀರಿನ ಪಂಪು ಕೂಡಿಸಿದ ದಿನ ಕಾಯ್ದು ಕೆಂಪಾಗುತ್ತಿತ್ತು. ಇದಕ್ಕಿಂತ ಭಯದ ಸಂಗತಿಯೊಂದು ಕಣ್ಣಿಗೆ ಬಿತ್ತು. ಬ್ಯಾಟರಿಯಿಂದ ಹೊರಟ ತಂತಿಗೆ ಫ್ಯೂಸೇ ಇರಲಿಲ್ಲ. ಹನ್ನೆರಡು ವೋಲ್ಟು ಕೈಗೆ ಹೊಡೆಯುವುದಿಲ್ಲವೆಂಬ ಧೈರ್ಯದಿಂದ ಎಷ್ಟೋ ಮಂದಿ ಹೀಗೆ ಮಾಡುತ್ತಾರೆ. ಕೈಗೆ ಹೊಡೆಯದು, ನಿಜ. ಆದರೆ ತಂತಿ ಎಲ್ಲಾದರೂ ಸವೆದು ತಗಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರು ಸುರಿಸುತ್ತದೆ. ತಂತಿ ಕೆಂಡವಾಗುತ್ತದೆ, ಪಕ್ಕದಲ್ಲಿರುವುದು ಪ್ಲೈವುಡ್ಡು, ಸ್ಪಂಜು, ಪರದೆ, ಮಲಗಿದ ಮನುಷ್ಯರು. ಕೊಳವೆಯ ಕಡೆಯ ನೂರಾರು ವೋಲ್ಟಂತೂ ಕೈಗೂ ಹೊಡೆಯುತ್ತದೆ. ಉರಿಯುವ ದೀಪದ ಹೋಲ್ಡರನ್ನು ಮುಟ್ಟಬಾರದು.

ಕೆಲಸ ಎರಡು ದಿನ ಹಿಡಿಯಿತು. ಹೋಗಲೊಂದು ಬರಲೊಂದು, 2.5 ಚದರ ಮಿಲಿಮೀಟರಿನ ತಂತಿ ಎಳೆದೆವು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂರಿಸಿದೆವು. ಒಂದೊಂದು ದೀಪಕ್ಕೂ ಒಂದು ಡಯೋಡು, ಕೆಂಪು ಕಪ್ಪು ತಂತಿ ಅದಲುಬದಲಾದರೂ ಟ್ರಾನ್ಸಿಸ್ಟರು ಉಳಿಯಲೆಂದು. ಈಗ ಎಲ್ಲ ದೀಪ ಉರಿದರೂ ಹಿಂದಿನ ಪೆಟ್ಟಿಗೆಯ ಬಳಿ 12 ವೋಲ್ಟು ನಿಲ್ಲುತ್ತದೆ. ಐದು ಕೊಳವೆಗಳೂ ಸ್ವಿಚ್ಚು ಹಾಕಿದ ಕ್ಷಣಕ್ಕೆ ಹೊತ್ತಿಕೊಂಡಾಗ ಷೆಡ್ಡಿನ ಹುಡುಗರು ಕೇಕೆ ಹಾಕಿದರು. ಮಿಸ್ತ್ರಿ ಮಾತ್ರ ಬೋಲ್ಟನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದ.

ಹಾಗೆಂದು ಎಲ್.ಇ.ಡಿ. ಬಗ್ಗೆ ನಮಗೆ ಮಡಿಯಿಲ್ಲ. ಈ ಕೊಳವೆ 8 ವ್ಯಾಟಿನಲ್ಲಿ ಕೊಡುವ ಬೆಳಕನ್ನು ಅದು ಅರ್ಧದಲ್ಲೇ ಕೊಡುತ್ತದೆ. 100 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧ ಮಾತ್ರ ಬಳಸುವುದು ಕ್ಷೇಮವೆಂದಿಟ್ಟುಕೊಂಡರೆ ಆರು ಕೊಳವೆಗಳು ಹತ್ತು ಗಂಟೆ ಉರಿದಾವು; ಎಲ್.ಇ.ಡಿ.ಗಳು ಅದರ ಎರಡರಷ್ಟಕ್ಕೂ ಹೆಚ್ಚು. ಪಾದರಸದ ಮಾತೂ ಇದೆ. ಮಿನಮಾಟಾ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು 2023ರಲ್ಲಿ ಜಿನೀವಾದಲ್ಲಿ ಕೂಡಿ, ಉದ್ದ ಕೊಳವೆಯ ದೀಪಗಳ ತಯಾರಿಕೆ, ಆಮದು, ರಫ್ತುಗಳನ್ನು 2027ರೊಳಗೆ ಹಂತಹಂತವಾಗಿ ನಿಲ್ಲಿಸುವುದೆಂದು ತೀರ್ಮಾನಿಸಿದವು. ಭಾರತವೂ ಆ ಒಪ್ಪಂದದಲ್ಲಿದೆ. ಆದ್ದರಿಂದ ರಾತ್ರಿಯಿಡೀ ಉರಿಯಬೇಕಾದ ಮೆಟ್ಟಿಲಿನ ದೀಪ, ಬಿರುಕು ತಿರುಳಿನದು ಇದ್ದ ಜಾಗ, ಎಲ್.ಇ.ಡಿ.ಯ ಪಾಲಾಯಿತು. ಉಳಿದ ಐದನ್ನು ಕೊಳವೆ ಸಿಗುವವರೆಗೆ ಇಟ್ಟುಕೊಳ್ಳುತ್ತೇವೆ. ಚೆನ್ನಾಗಿರುವ ವಸ್ತುವನ್ನು ಹೊಸದರ ಮೋಹಕ್ಕೆ ಕಸದ ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ. ಅದರೊಳಗಿನ ಪಾದರಸ ಆ ಬುಟ್ಟಿಯಲ್ಲಿ ಒಡೆದು ಯಾರ ಉಸಿರಿಗೆ ಸೇರುವುದೋ ಎಂಬ ಅಳುಕೂ ಇತ್ತು.

ಸಂಕ್ರಾಂತಿಯ ಮುಂಚಿನ ವಾರ ಸಂಗಾರೆಡ್ಡಿ, ಜಹೀರಾಬಾದಿನ ಮಾರ್ಗವಾಗಿ ಬೀದರಕ್ಕೆ ಹೊರಟೆವು. ಮಹಮೂದ್ ಗಾವಾನನ ಮದರಸದ ಮಿನಾರಿನ ಮೇಲೆ ಉಳಿದಿರುವ ನೀಲಿ ಹೆಂಚುಗಳನ್ನು ಸಂಜೆಯ ಬಿಸಿಲಿನಲ್ಲಿ ನೋಡಿದೆವು. ಕೋಟೆಯ ಬಗ್ಗೆ ಬರೆದವರು ಬಹಳ ಮಂದಿ, ನಾವು ಬರೆಯುವುದಿಲ್ಲ. ಮರುದಿನ ರಾತ್ರಿ ಭಾಲ್ಕಿಯ ಕಡೆಯ ಆ ಹಳ್ಳಿಯಲ್ಲಿ ಹುಣಸೆಯ ಮರದ ಕೆಳಗೆ ಬೀಡು. ಅಮ್ಮನ ಟ್ರಾನ್ಸಿಸ್ಟರ್ ರೇಡಿಯೋ ಗೊರಗೊರ ಎಂದು ನಮ್ಮ ದೀಪಗಳ ಮೇಲೆ ದೂರು ಹೇಳಿತು. ಏತದ ಆಳು ಹೋಗಿ ಬರುವ ರಭಸ ಮಧ್ಯಮ ತರಂಗದ ರೇಡಿಯೋಗಳಿಗೆ ಕೇಳಿಸುತ್ತದೆ. ಪಕ್ಕದ ಎರಡು ದೀಪ ಆರಿಸಿದೆವು, ಹಾಡು ತಿಳಿಯಾಯಿತು. ಊರಿನ ಹೆಂಗಸರು ಏಳೆಂಟು ಮಂದಿ ಬಂದು ಗಾಡಿಯೊಳಗೆ ಕುಳಿತು, ಯಾರ ಮಗಳು ಯಾರ ಮೊಮ್ಮಗಳು ಎಂಬ ವಂಶಾವಳಿ ಹತ್ತು ಗಂಟೆಯವರೆಗೂ ನಡೆಯಿತು. ನಡುರಾತ್ರಿಯಲ್ಲಿ ಅಮ್ಮ ಒಬ್ಬರೇ ಎದ್ದು ಮೂರು ಮೆಟ್ಟಿಲು ಇಳಿದು, ನಮ್ಮನ್ನು ಎಬ್ಬಿಸದೆಯೇ ಹತ್ತಿ ಬಂದರಂತೆ. ಬೆಳಿಗ್ಗೆ ಅವರೇ ಹೇಳಿದರು.

ಇಂಥ ಕೆಲಸಕ್ಕೆ ಕೋಠಿಗೆ ಹೋಗುವ ಬಂಧುಗಳು ವಾರದ ದಿನ ಮಧ್ಯಾಹ್ನಕ್ಕೆ ಮೊದಲು ಹೋಗುವುದು ಲೇಸು. ದೀಪದೊಡನೆ ಅದರ ಕೊಳವೆಯನ್ನೂ ಒಯ್ಯಬೇಕು. ಭಾನುವಾರ ಹೋದರೆ ಗಲ್ಲಿಯ ಬಾಗಿಲುಗಳು ಬಹುಪಾಲು ಮುಚ್ಚಿರುತ್ತವೆ. ಆದರೆ ಆಬಿಡ್ಸ್‌ನ ಕಾಲುದಾರಿಗಳಲ್ಲಿ ಹಳೆಯ ಪುಸ್ತಕಗಳು ಹರಡಿರುತ್ತವೆ, ಬರಿಗೈಯಲ್ಲಿ ಮರಳಬೇಕಾಗಿಲ್ಲ. ನಮ್ಮ ಆರನೆಯ ದೀಪ ಇನ್ನೂ ಚಾಚಾರ ಮೇಜಿನ ಮೇಲೇ ಇದೆ. ಆ ಅಳತೆಯ ತಿರುಳು ಯಾವುದಾದರೂ ಹಳೆಯ ಎಮರ್ಜೆನ್ಸಿ ಲೈಟಿನಲ್ಲಿ ಸಿಕ್ಕರೆ ಸುತ್ತಿಕೊಡುತ್ತೇನೆ, ತಿಂಗಳಿಗೊಮ್ಮೆ ಬಂದು ಕೇಳಿ ಹೋಗಿ ಎಂದಿದ್ದಾರೆ.